ಅಪ್‌ಡೇಟ್: 12 ಕೆ.ಜಿ. ಮಗುವಿಗೆ ಜ್ವರದ ಸಿರಪ್ ಎಷ್ಟು?

ಹುಬ್ಬಳ್ಳಿ ಮಳೆಗಾಲದ ನೆಗಡಿ-ಜ್ವರ, ಮಗಳಿಗೆ ಮೂರು ವರ್ಷ, ಪ್ಯಾರಾಸಿಟಮಾಲ್ ಎಷ್ಟು ಹಾಕಬೇಕು ಅಂತ ಕೇಳಿದ್ದೆ. ಉತ್ತರ ಸಿಕ್ತು. ಲೆಕ್ಕ ವಯಸ್ಸಿಂದಲ್ಲ, ತೂಕದ್ದು: ಕೆ.ಜಿ.ಗೆ 15 ಮಿ.ಗ್ರಾಂ., ಅಂದ್ರೆ ಸಲಕ್ಕೆ 180. ತೊಡಕಿರೋದು ಬಾಟಲಿಯಲ್ಲೇ. 5 ಎಂಎಲ್‌ಗೆ 120 ಮಿ.ಗ್ರಾಂ. ಇದ್ರೆ 7.5 ಎಂಎಲ್, 250 ಇದ್ರೆ ಬರೀ 3.6. ಬಾಟಲಿ ಬದಲಾಗಿ ಅಳತೆ ಹಳೇದೇ ಉಳಿದ್ರೆ ಡೋಸ್ ದುಪ್ಪಟ್ಟು! ಅಡುಗೆಮನೆ ಚಮಚ ಬಿಡಿ, ಸೂಜಿಯಿಲ್ಲದ ಸಿರಿಂಜ್ ವಾಸಿ. ಆರು ತಾಸಿಗೊಮ್ಮೆ, ದಿನಕ್ಕೆ ನಾಲ್ಕೇ ಸಲ.

ನೆಗಡಿ ಸಿರಪ್ ಬೇಡವೇ ಬೇಡ. ಕೆಲವದರಲ್ಲಿ ಪ್ಯಾರಾಸಿಟಮಾಲ್ ಮತ್ತೆ ಇರ್ತದ. ಕಟ್ಟಿದ ಮೂಗಿಗೆ ಸಲೈನ್ ಡ್ರಾಪ್ಸ್ ಸಾಕು. ಐಸ್ ನೀರಿನ ಪಟ್ಟಿ ಹಾಕಿದ್ರೆ ನಡುಕ ಹುಟ್ಟಿ ಮೈ ಇನ್ನಷ್ಟು ಕಾಯ್ತದ. ಡೆಂಗಿ ಸೀಸನ್ ಬೇರೆ, ಜ್ವರದ್ದೇ ಇನ್ನೊಂದು ಔಷಧಿ ಐಬುಪ್ರೊಫೇನ್ ಕೊಡಬೇಡಿ. ಸುಮ್ಮನಿದ್ದಾಗಲೂ ಉಸಿರು ನಿಮಿಷಕ್ಕೆ 40 ಮುಟ್ಟಿದ್ರೆ, ಉಚ್ಚೆ ಕಡಿಮೆಯಾದ್ರೆ ಅಥವಾ ಜ್ವರ ಮೂರು ದಿನ ದಾಟಿದ್ರೆ ಸೀದಾ ಡಾಕ್ಟರ್ ಹತ್ರ.