ಸಭೆಯಲ್ಲಿ ಏನು ಕೇಳಿದರೆ ಜನ ಮನಸ್ಸು ಬಿಚ್ಚುತ್ತಾರೆ? ನಿಮ್ಮ ಅನುಭವ ಹೇಳಿ

ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಹನ್ನೆರಡು ಮನೆಯವರ ಸ್ವಸಹಾಯ ಸಂಘ ಇದೆ. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದ ಮೇಲೆ ಸಭೆಗೆ ಕಳೆಯೇ ಇಲ್ಲ. ಕಂತು ಕಟ್ಟುತ್ತಾರೆ, ಅಡಿಕೆ ರೇಟು ಮಾತಾಡುತ್ತಾರೆ, ಎದ್ದು ಹೋಗುತ್ತಾರೆ. "ಹೇಗಿದ್ದೀರಿ" ಅಂದರೆ "ಹೀಗೇ ಇದ್ದೀವಿ" ಅನ್ನುತ್ತಾರೆ. ಒಳಗೆ ಎಲ್ಲರಿಗೂ ಭಯ ಇದೆ. ಏನು ಕೇಳಿದರೆ ಮಾತು ಶುರುವಾಗುತ್ತದೆ? ಹೀಗೆ ಸಂಘ ನಡೆಸಿದವರು ಯಾರಾದರೂ ಹೇಳಿ.

ಕೊಪ್ಪದ ಕಡೆಯಿಂದ:
ನಮ್ಮಲ್ಲೂ ಇದೇ ಆಗಿತ್ತು ಮಾರಾಯ್ರೇ. ನಾನು ಮೊದಲು "ಮುಂದೆ ಏನು ಮಾಡೋಣ?" ಅಂತ ಕೇಳಿದೆ. ಅದೇ ತಪ್ಪಾಯಿತು. ಯಾರ ಹತ್ತಿರವೂ ಉತ್ತರ ಇರಲಿಲ್ಲ, ಎಲ್ಲರೂ ತಲೆ ತಗ್ಗಿಸಿ ಕೂತರು.

ಆಮೇಲೆ ಪ್ರಶ್ನೆ ಚಿಕ್ಕದು ಮಾಡಿದೆ. "ಈ ವಾರ ತೋಟಕ್ಕೆ ಹೋದಾಗ ಮೊದಲು ಯಾವ ಸಾಲಿಗೆ ಹೋದಿರಿ?" ಒಬ್ಬ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಪ್ಪ ನೆಟ್ಟ ಸಾಲಿಗೆ ಹೋಗೋದೇ ಬಿಟ್ಟಿದ್ದೀನಿ. ಸೋಗೆ ಒಣಗಿ ಜೋತು ಬಿದ್ದಿದೆ, ನೋಡೋಕಾಗಲ್ಲ" ಅಂದರು. ಅವತ್ತು ಕತ್ತಲಾದರೂ ಸಭೆ ಮುಗಿಯಲಿಲ್ಲ. ಎರಡನೇ ಸಲ ಔಷಧಿ ಹೊಡೆಸೋಕೆ ದುಡ್ಡಿಲ್ಲ ಅಂತ ಇನ್ನೊಬ್ಬರು ಬಾಯಿಬಿಟ್ಟರು. ಇದು ಶಿಲೀಂಧ್ರದ ರೋಗ, ಗಾಳಿ ಮಳೆಗೆ ಪಕ್ಕದ ತೋಟಕ್ಕೂ ಹಬ್ಬುತ್ತದೆ. ಒಬ್ಬರ ತೋಟ ಬಿಟ್ಟರೆ ಉಳಿದವರು ಹೊಡೆದದ್ದೂ ದಂಡ ಅಲ್ವಾ? ಕೆಳಗೆ ನಿಂತೇ ಮರಕ್ಕೆ ಔಷಧಿ ಹೊಡೆಯುವ ಉದ್ದನೆಯ ಫೈಬರ್ ದೋಟಿ ಹಂಚಿಕೊಂಡು ಒಂದೇ ವಾರದಲ್ಲಿ ಎಲ್ಲರ ತೋಟಕ್ಕೂ ಹೊಡೆಯೋಣ ಅನ್ನುವ ಮಾತು ಹುಟ್ಟಿದ್ದು ಅವತ್ತೇ.

"ಅಜ್ಜ ಅಜ್ಜಿ ಕಾಲದಲ್ಲಿ ಬೆಳೆ ಹೋದ ವರ್ಷ ಮನೆ ಹೇಗೆ ನಡೆಯಿತು?" ಅಂತಲೂ ಕೇಳಿ ನೋಡಿ. ನಮ್ಮಲ್ಲಿ ಅದಕ್ಕೆ ಹೆಂಗಸರೇ ಜಾಸ್ತಿ ಮಾತಾಡಿದರು.

ಚಿತ್ರದುರ್ಗದ ಕಡೆಯಿಂದ:
2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಅಂತ ಘೋಷಣೆ ಆಯಿತಲ್ಲ, ಆಗ ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆವು. "ಈ ತಿಂಗಳು ಮನೆಗೆ ಏನು ತರೋದು ಬಿಟ್ಟಿರಿ?" ಮೊದಲು ನಾನೇ ಹೇಳುತ್ತಿದ್ದೆ. ಕೇಳುವವರು ಮೊದಲು ತಮ್ಮ ಮನೆಯದು ಹೇಳಬೇಕು ಅಕ್ಕ. ಇಲ್ಲದಿದ್ದರೆ ವಿಚಾರಣೆ ಥರ ಆಗುತ್ತದೆ.

ಮಡಿಕೇರಿ ಕಡೆಯಿಂದ:
ಪ್ರಶ್ನೆಗೂ ಒಂದು ಹೊತ್ತು ಇರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರದಲ್ಲಿ ಅಡುಗೆಗೆ ನಿಂತಿದ್ದೆ. ಬಂದವರೆಲ್ಲ "ಏನಾಯ್ತು, ಹೇಗಾಯ್ತು" ಅಂತ ಕೇಳುತ್ತಿದ್ದರು. ಹೇಳಿ ಹೇಳಿ ಅಲ್ಲಿದ್ದವರು ಸೋತಿದ್ದರು. ನಾವು ಏನೂ ಕೇಳಲಿಲ್ಲ. ಈರುಳ್ಳಿ ಹೆಚ್ಚೋಕೆ ಬನ್ನಿ ಅಂತ ಕರೆದೆವು, ಅಷ್ಟೇ. ಕೈಗೆ ಕೆಲಸ ಸಿಕ್ಕರೆ ಮಾತು ತಾನಾಗೇ ಬರುತ್ತದೆ.

ನಾಲ್ಕೈದು ದಿನ ಕಳೆದ ಮೇಲೆ, ಒಬ್ಬರು ಅಜ್ಜಿಯ ಪಕ್ಕದಲ್ಲಿ ಹಗ್ಗದ ತುಂಡು ಕಂಡು "ಇದೇನಜ್ಜಿ?" ಅಂದೆ. ಓಡಿ ಬರುವ ಮುಂಚೆ ಕೊಟ್ಟಿಗೆಯಲ್ಲಿ ಹಸು ಬಿಚ್ಚಿ ಬಿಟ್ಟಿದ್ದರಂತೆ. ಕಣ್ಣಿ ಕೈಯಲ್ಲೇ ಉಳಿದಿತ್ತು. ಹಸುವಿನ ಹೆಸರು ಹೇಳಿದರು. ಎಷ್ಟು ಕರು ಹಾಕಿತ್ತು, ಯಾವುದು ಒದೆಯುತ್ತಿತ್ತು, ಎಲ್ಲ ಹೇಳಿದರು. ಸುತ್ತ ಕೂತವರೂ ಒಬ್ಬೊಬ್ಬರಾಗಿ ತಮ್ಮ ದನಗಳ ಹೆಸರು ಹೇಳೋಕೆ ಶುರು ಮಾಡಿದರು.

ನೀವೂ ಮುಂದಿನ ಸಭೆಯನ್ನು ಯಾರದಾದರೂ ಅಂಗಳದಲ್ಲಿ, ಅಡಿಕೆ ಸುಲಿಯುವ ಹೊತ್ತಿಗೆ ಇಟ್ಟು ನೋಡಿ.