ಪದ ಬೇಕು: ಮೆಮೊರಿ ಕಾರ್ಡ್ 'ಪಾರ್ಟಿಷನ್' ಮಾಡುವುದಕ್ಕೆ (ಇವತ್ತು ಸಂಜೆಯೊಳಗೆ)

(ಆಂಡ್ರಾಯ್ಡ್ 2.3 ಫೋನ್‌ಗಳು ಬಳಕೆಯಲ್ಲಿದ್ದ ಕಾಲದಲ್ಲಿ, ಕನ್ನಡ ಪದಗಳ ಬಗ್ಗೆ ಮಾತಾಡುವ ಗುಂಪೊಂದರಲ್ಲಿ ನಡೆದ ಚರ್ಚೆ. ಬರೆದವರ ಗುರುತು ಅವರ ಊರಿನ ಹೆಸರು.)

ಸಾಗರದಿಂದ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಮೆಮೊರಿ ಕಾರ್ಡಿನ ಒಳಗಿನ ಜಾಗವನ್ನು ಬೇರೆ ಬೇರೆ ಮಾಡುವುದಕ್ಕೆ ಪಾರ್ಟಿಷನ್ ಎನ್ನುತ್ತಾರಲ್ಲ, ಅದಕ್ಕೆ ಒಂದು ಪದ ತುರ್ತಾಗಿ ಬೇಕು. ಸಂಜೆ ಆರಕ್ಕೆ ಡಿಟಿಪಿ ಅಂಗಡಿಗೆ ಹಾಳೆ ಕೊಡಬೇಕು.

ನನ್ನದು ಮೊಬೈಲ್ ರಿಪೇರಿ ಅಂಗಡಿ. ನಮ್ಮಲ್ಲಿಗೆ ಬರುವ ಫೋನ್‌ಗಳಲ್ಲಿ ಬಹಳಷ್ಟು ಇನ್ನೂ ಆಂಡ್ರಾಯ್ಡ್ 2.3. ಅದರಲ್ಲಿ ಕನ್ನಡ ಕಾಣುವುದಿಲ್ಲ, ಅಕ್ಷರದ ಜಾಗದಲ್ಲಿ ಬರೀ ಚೌಕ. ಕನ್ನಡ ಫಾಂಟ್ ಹಾಕಿಸಿಕೊಳ್ಳಲೆಂದೇ ಎಷ್ಟೋ ಜನ ಫೋನ್ ರೂಟ್ ಮಾಡಿಸಿದ್ದಾರೆ, ಅಂದರೆ ಫೋನಿನ ವ್ಯವಸ್ಥೆಯ ಮೇಲೆ ಪೂರ್ತಿ ಅಧಿಕಾರ ಪಡೆದಿದ್ದಾರೆ. ಈಗ ಅವರಿಗೆ ಜಾಗದ ತೊಂದರೆ. ಫೋನಿನೊಳಗೆ 200 ಎಂಬಿಯೂ ಇಲ್ಲ, ನಾಲ್ಕು ಆಪ್ ಹಾಕುವಷ್ಟರಲ್ಲಿ ತುಂಬಿಹೋಗುತ್ತದೆ. ಹೇಗೂ ರೂಟ್ ಆಗಿದೆಯಲ್ಲ, ಹಾಗಾಗಿ ಒಂದು ದಾರಿ ಇದೆ. 8 ಜಿಬಿ ಕಾರ್ಡಿನಲ್ಲಿ 1 ಜಿಬಿಯನ್ನು ಬೇರೆ ತೆಗೆದು ಇಎಕ್ಸ್‌ಟಿ ಎಂಬ ಫೈಲ್ ಜೋಡಣೆಯ ಮಾದರಿಯಲ್ಲಿ ಸಿದ್ಧ ಮಾಡಿದರೆ, ಲಿಂಕ್2ಎಸ್‌ಡಿ ಎಂಬ ಆಪ್ ಬಾಕಿ ಆಪ್‌ಗಳ ಫೈಲ್‌ಗಳನ್ನು ಅಲ್ಲಿಗೆ ಸಾಗಿಸುತ್ತದೆ. ಉಳಿದ 7 ಜಿಬಿ ಫೋಟೊ, ಹಾಡಿಗೆ ಎಂದಿನಂತೆ ಫ್ಯಾಟ್32 ಮಾದರಿ. ಮನೆಯಲ್ಲಿ ಕಂಪ್ಯೂಟರ್ ಇರುವವರು ತಾವೇ ಮಾಡಿಕೊಳ್ಳಲಿ ಎಂದು ಒಂದು ಪುಟದ ಹಾಳೆ ಬರೆಯುತ್ತಿದ್ದೇನೆ.

ಹೋದ ತಿಂಗಳ ಹಾಳೆಯಲ್ಲಿ 'ಕಾರ್ಡನ್ನು ಎರಡು ಭಾಗ ಮಾಡಿ' ಎಂದು ಬರೆದಿದ್ದೆ. ತಾಳಗುಪ್ಪದ ಕಡೆಯ ಹಿರಿಯರೊಬ್ಬರು ಕಾರ್ಡ್ ತಂದು ಮುಂದಿಟ್ಟು, "ಯಾವ ಕಡೆ ಕತ್ತರಿಸ್ತೆ ತಮಾ?" ಎಂದು ಕೇಳಿದರು. ಸಿಮ್ ಕತ್ತರಿಸುವ ಕಟರ್ ಮೇಜಿನ ಮೇಲೇ ಇತ್ತು, ಅವರದೇನೂ ತಪ್ಪಿಲ್ಲ. ಮನೆಯಲ್ಲೇ ಕತ್ತರಿ ಹಿಡಿದಿದ್ದರೆ ಮೊಮ್ಮಗಳ ಫೋಟೊಗಳೆಲ್ಲ ಅಷ್ಟಕ್ಕೇ ಹೋಗುತ್ತಿದ್ದವು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಪದ ಕೇಳಿದರೆ ಕಾರ್ಡನ್ನು ಒಡೆಯಬೇಕು ಅನ್ನಿಸಬಾರದು, ಒಳಗಿನ ಜಾಗ ಬೇರೆಯಾಗುತ್ತದೆ ಅನ್ನಿಸಬೇಕು. ಮಾಡುವ ಕೆಲಸಕ್ಕೂ, ಮಾಡಿದ ಮೇಲೆ ಸಿಗುವ ಒಂದೊಂದಕ್ಕೂ ಅದೇ ಪದ ನಡೆದರೆ ಇನ್ನೂ ಒಳ್ಳೆಯದು.

ಮೈಸೂರಿನಿಂದ, 8:15

ಹಸುಗೆ.

'ಪಸು' ಎಂದರೆ ಬೇರೆ ಬೇರೆಯಾಗಿಸು. ಅದರಿಂದ ಪಸುಗೆ, ಪಕಾರ ಹಕಾರವಾಗಿ ಹಸುಗೆ. ಕಿಟ್ಟೆಲ್ ನಿಘಂಟಿನಲ್ಲಿದೆ. ಹಂಚು, ಹಂಚಿಕೆ ಇದರ ಬಳಗದವೇ, ತಮಿಳಿನ ಪಂಗು ಕೂಡ. ಸಾವಿರ ವರ್ಷದ ಪದ ಮನೆಯಲ್ಲಿರುವಾಗ ಬೀದಿಯಲ್ಲಿ ಹುಡುಕುವ ಅಗತ್ಯವಿಲ್ಲ. ಕ್ರಿಯೆಗೆ 'ಹಸುಗೆಗೊಳಿಸು'.

ಧಾರವಾಡದಿಂದ, 8:50

ನಮ್ಮ ಕಡೆ ಹೊಲ ಮನಿ ಬ್ಯಾರೆ ಆದ್ರ ವಾಟ್ನಿ ಅಂತೀವ್ರಿ. 'ಅಣ್ಣ ತಮ್ಮ ವಾಟ್ನಿ ಮಾಡ್ಕೊಂಡ್ರು' ಅಂದ್ರ ಸಣ್ಣ ಹುಡುಗಗೂ ತಿಳೀತದ. ಒಂದೊಂದು ಪಾಲಿಗೆ ಹಿಸ್ಸೆ. ಪಹಣಿಯೊಳಗ ಹಿಸ್ಸಾ ಅನ್ನೂ ಕಾಲಮ್ಮೇ ಐತಿ, ಸಾಗರದಾಗೂ ಅದೇ ಪಹಣಿ ಅಲ್ಲೇನ್ರಿ?

ಬೆಂಗಳೂರಿನಿಂದ, 9:20

ಪಾರ್ಟಿಷನ್ ಎಂದೇ ಬರೆಯಿರಿ. ಓದುವವರು ಹಾಳೆ ಕೈಯಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ಮಿನಿಟೂಲ್ ಎಂಬ ತಂತ್ರಾಂಶ ತೆರೆಯುತ್ತಾರೆ, ಅಥವಾ ಫೋನನ್ನು ರಿಕವರಿ ಎಂಬ ದುರಸ್ತಿ ಮೆನುವಿಗೆ ಹಾಕುತ್ತಾರೆ. ಎರಡರಲ್ಲೂ ಮೆನು ಇಂಗ್ಲಿಷ್, ಅಲ್ಲಿರುವ ಪದ ಪಾರ್ಟಿಷನ್. ನಿಮ್ಮ ಹಾಳೆಯಲ್ಲಿ ಹಸುಗೆ ಎಂದಿದ್ದರೆ ಪರದೆಯ ಮೇಲೆ ಅವರು ಏನನ್ನು ಹುಡುಕಬೇಕು? ಹಳ್ಳಿ ಕೋರ್ಟಿನ ಮಾತಿನಲ್ಲೂ 'ಪಾರ್ಟಿಷನ್ ಸೂಟು' ಬಂದು ಎಷ್ಟೋ ಕಾಲವಾಯಿತು. ಅದು ಈಗ ಕನ್ನಡ ಪದವೇ.

ಉಡುಪಿಯಿಂದ, 9:45

ಅಣ್ಣ ತಮ್ಮಂದಿರ ಮಾತು ಬಂತು, ಹಾಗಾಗಿ ಹೇಳುತ್ತೇನೆ. ಆಸ್ತಿ ಪಾಲಾಗುವುದಕ್ಕೆ ಶಾಸ್ತ್ರದ ಹೆಸರು ದಾಯವಿಭಾಗ. ಅದರ ಬಗ್ಗೆ ಭಾರತದ ಬಹುಪಾಲು ಒಪ್ಪಿದ ವಿವರಣೆ ಬರೆದವರು ವಿಜ್ಞಾನೇಶ್ವರ. ಬರೆದದ್ದು ನಮ್ಮ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ವಿಭಾಗ ಈ ನೆಲದಲ್ಲೇ ಬಾಳಿದ ಪದ, ಶಾಲೆಗೆ ಹೋದವರಿಗೆಲ್ಲ ಗೊತ್ತು. ವಿಭಾಗ, ವಿಭಾಗಿಸು. ಮುಗಿಯಿತು.

ಇನ್ನೊಂದು. 'ರೂಟ್ ಮಾಡಿದ' ಎನ್ನುವುದನ್ನೂ ಹಾಗೇ ಬಿಡಬೇಡಿ. 'ಬೇರು ಮಟ್ಟದ ಅಧಿಕಾರ ಪಡೆದ' ಎನ್ನಬಹುದಲ್ಲ?

ಬೆಂಗಳೂರಿನಿಂದ, 9:52

ಬೇರು ಬೇಡವೇ ಬೇಡ. ಅಲ್ಲಿ ರೂಟ್ ಎನ್ನುವುದು ಒಬ್ಬ ಬಳಕೆದಾರನ ಹೆಸರು, ಯೂನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ 0 ಸಂಖ್ಯೆಯವನು. ಆಂಡ್ರಾಯ್ಡ್ ಪ್ರತಿಯೊಂದು ಆಪ್‌ಗೂ ಬೇರೆ ಬೇರೆ ಬಳಕೆದಾರ ಸಂಖ್ಯೆ ಕೊಡುತ್ತದೆ. ಒಬ್ಬರ ಕಡತವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಎಲ್ಲರ ಕೋಣೆಗೂ ಹೋಗಬಲ್ಲವನು 0 ಒಬ್ಬನೇ. ಕನ್ನಡ ಬೇಕೇ ಬೇಕೆಂದರೆ ಯಜಮಾನಿಕೆ ಅನ್ನಿ. ಫ್ಯಾಟ್32ರಲ್ಲಿ ಈ 'ಯಾರದು' ಎಂಬ ಲೆಕ್ಕ ಇಟ್ಟುಕೊಳ್ಳಲು ಜಾಗವೇ ಇಲ್ಲ. ಎರಡನೆಯದನ್ನು ಇಎಕ್ಸ್‌ಟಿ ಮಾಡಿಸುವುದು ಅದಕ್ಕೇ.

ಸಾಗರದಿಂದ, 11:05

ಎಲ್ಲರಿಗೂ ಧನ್ಯವಾದ. ಅಂಗಡಿಗೆ ಬಂದವರಿಗೆ ಒಂದೊಂದನ್ನೇ ಓದಿ ತೋರಿಸಿದೆ.

'ಕಾರ್ಡಿನ ಹಸುಗೆ' ಎಂದಾಗ ಹೈನುಗಾರಿಕೆಯವರೊಬ್ಬರು "ಹಸೀಗೆ ಎಂತ ಕಾರ್ಡು, ವಿಮೆದಾ?" ಎಂದರು. ಮೈಸೂರಿನ ಮೇಷ್ಟ್ರೇ, ಪದ ಚಂದವಿದೆ, ಆದರೆ ನನ್ನ ಹಾಳೆಯಲ್ಲಿ ಅದು ದನಕ್ಕೆ ಹೋಗುತ್ತದೆ. ವಾಟ್ನಿ ಇಲ್ಲಿ ಯಾರಿಗೂ ಗೊತ್ತಿಲ್ಲ. ವಿಭಾಗ ಎಂದರೆ ಕಚೇರಿ ಅಂದುಕೊಳ್ಳುತ್ತಾರೆ. ರೂಟ್ ಮಾತ್ರ ಹಾಗೇ ಇರಲಿ. ದುಡ್ಡು ಕೊಟ್ಟು ಮಾಡಿಸಿಕೊಂಡವರಿಗೆ ಅದರ ಹೆಸರು ಚೆನ್ನಾಗಿ ಗೊತ್ತು.

ಹಿಸ್ಸೆ ಎಂದಾಗ ಒಬ್ಬರು, "ಅಂದ್ರೆ ಪೋಡಿ ಮಾಡದು ಅನ್ನಿ" ಎಂದರು. ಪಕ್ಕದಲ್ಲಿ ಕೂತ ಮೂವರೂ ತಲೆಯಾಡಿಸಿದರು. ಪೋಡಿ ನಡೆಯುತ್ತದೆಯೇ?

ತುಮಕೂರಿನಿಂದ, ಮಧ್ಯಾಹ್ನ 12:10

ನಾನು ಈ ಗುಂಪಿನಲ್ಲಿ ಓದುವವನೇ ಹೊರತು ಬರೆಯುವವನಲ್ಲ. ಭೂಮಾಪಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಪೋಡಿ ಎಂದ ಮೇಲೆ ಸುಮ್ಮನಿರಲು ಆಗಲಿಲ್ಲ.

ಪಾಲು ಬೇರೆ, ಪೋಡಿ ಬೇರೆ. ನಾಲ್ಕು ಜನ ಅಣ್ಣತಮ್ಮಂದಿರು ಜಗಲಿಯಲ್ಲಿ ಕೂತು ಇದು ನಿನಗೆ, ಇದು ನನಗೆ ಎಂದರೆ ಪಾಲಾಯಿತು. ಪಾಲುಪಾರಿಕತ್ತು ಬರೆಸಿ ನೋಂದಣಿ ಮಾಡಿಸಿದರೂ ಅದು ಪಾಲೇ. ಪಹಣಿಯಲ್ಲಿ ನಾಲ್ವರ ಹೆಸರೂ ಒಂದೇ ನಂಬರಿನಡಿ ಕೂತಿರುತ್ತವೆ. ಸಾಲಕ್ಕೆ ಹೋದರೆ ನಾಲ್ವರ ಸಹಿ ಬೇಕು, ಒಬ್ಬ ಮುನಿಸಿಕೊಂಡರೆ ಮೂವರ ಕೆಲಸವೂ ನಿಂತಿತು. ಸರ್ವೆಯವನು ಹೋಗಿ ಅಳೆದು, ನಕ್ಷೆ ಬರೆದು, 45ನೇ ನಂಬರನ್ನು 45/1, 45/2 ಎಂದು ಬೇರೆ ಮಾಡಿದ ದಿನ ಪೋಡಿಯಾಯಿತು. ಅವತ್ತಿನಿಂದ ಒಬ್ಬನ ಹಂಗು ಇನ್ನೊಬ್ಬನಿಗಿಲ್ಲ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ, ಮಣ್ಣು ಎಲ್ಲಿಗೂ ಹೋಗುವುದಿಲ್ಲ. ಸಾಗರದವರು ಕೇಳಿದ್ದು ಇದನ್ನೇ ಅಲ್ಲವೇ? ವಸ್ತು ಒಡೆಯಬಾರದು, ಒಳಗಿನ ಜಾಗ ಬೇರೆಯಾಗಬೇಕು.

ಕಾರ್ಡಿನ ವಿಷಯ ನನಗೆ ತಿಳಿಯದು. ಆಮೇಲೆ ಆ ಎರಡಕ್ಕೂ ಬೇರೆ ಬೇರೆ ನಂಬರ್ ಬೀಳುತ್ತದೆಯೇ? ಬಿದ್ದರೆ ಅದು ಪೋಡಿಯೇ, ಪಾಲಲ್ಲ.

ಬೆಂಗಳೂರಿನಿಂದ, 12:25

ಬೀಳುತ್ತದೆ ಸರ್. ಹಲವು ಫೋನ್‌ಗಳಲ್ಲಿ ಇಡೀ ಕಾರ್ಡಿನ ಹೆಸರು ಎಂಎಂಸಿಬಿಎಲ್‌ಕೆ0. ಪಾರ್ಟಿಷನ್ ಆದ ಮೇಲೆ ಅದರ ಕೊನೆಗೆ ಪಿ1, ಪಿ2 ಸೇರುತ್ತದೆ, ನಿಮ್ಮ 45/1, 45/2ರ ಹಾಗೆಯೇ. ಯಾವುದು ಎಲ್ಲಿ ಶುರು, ಎಷ್ಟು ಉದ್ದ ಎಂಬ ಪಟ್ಟಿ ಕಾರ್ಡಿನ ಮೊದಲ 512 ಬೈಟ್‌ಗಳಲ್ಲಿರುತ್ತದೆ. ಅದರಲ್ಲಿ ನಾಲ್ಕೇ ಸಾಲಿಗೆ ಜಾಗ, ಆದ್ದರಿಂದ ಪ್ರೈಮರಿ, ಅಂದರೆ ಆ ಪಟ್ಟಿಯಲ್ಲೇ ನೇರವಾಗಿ ದಾಖಲಾಗುವ ಪಾರ್ಟಿಷನ್, ನಾಲ್ಕೇ.

ತುಮಕೂರಿನಿಂದ, 12:40

ನಮ್ಮಲ್ಲಿ ಆ ಪಟ್ಟಿಗೆ ಆಕಾರ್‌ಬಂದ್ ಎನ್ನುತ್ತೇವೆ. ಯಾವ ನಂಬರಿಗೆ ಎಷ್ಟು ವಿಸ್ತೀರ್ಣ, ಎಷ್ಟು ಕಂದಾಯ ಎಂದು ಅದರಲ್ಲಿ ಇರುತ್ತದೆ. ಅದು ಕಳೆದುಹೋದರೆ ಹೊಲ ಕಣ್ಣೆದುರಿಗಿದ್ದರೂ ಯಾವ ನಂಬರಿಗೆ ಎಷ್ಟೆಂದು ಹೇಳಲಾಗುವುದಿಲ್ಲ.

ಬೆಂಗಳೂರಿನಿಂದ, 12:43

ಇಲ್ಲೂ ಹಾಗೇ ಸರ್. ಪಟ್ಟಿ ಕೆಟ್ಟರೆ ಫೋಟೊಗಳು ಒಳಗೇ ಇದ್ದರೂ ಫೋನ್ 'ಕಾರ್ಡ್ ಖಾಲಿ' ಎನ್ನುತ್ತದೆ.

ಮೈಸೂರಿನಿಂದ, 12:50

ಪೋಡಿ ಕನ್ನಡವಲ್ಲ. ಮರಾಠಿಯ ಫೋಡ್. ಆಕಾರ್‌ಬಂದ್, ಪಹಣಿ, ಹಿಸ್ಸೆ, ಖಾತೆ ಇವೆಲ್ಲ ದಫ್ತರಿನ ಗುಲಾಮಗಿರಿಯಲ್ಲಿ ನಮ್ಮ ಬಾಯಿಗೆ ತುರುಕಿದ ಪದಗಳು. ಹೊಸ ವಸ್ತುವಿಗೆ ಹೆಸರಿಡುವ ಅವಕಾಶ ಸಿಕ್ಕಾಗಲೂ ಅದೇ ಕಸವನ್ನು ಬಳಿಯುವುದೇ? ಹಸು ಶಬ್ದದ ಗೊಂದಲ ಒಂದು ವಾರದಲ್ಲಿ ಹೋಗುತ್ತದೆ. ಬಳಸದೆ ಯಾವ ಪದವೂ ಪರಿಚಯವಾಗುವುದಿಲ್ಲ.

ಧಾರವಾಡದಿಂದ, 1:05

ಮೇಷ್ಟ್ರ, ದಫ್ತರ ಅರಬ್ಬಿ ಪಾರಸಿ ಕಡೇದು. ಗುಲಾಮ ಅರಬ್ಬಿ. ನಿಮ್ಮ ಸಿಟ್ಟು ಬರಿಯಾಕೂ ಆ ಪದಗಳೇ ಬೇಕಾದ್ವು. ಪೋಡಿ ಕಸ ಅಂದ್ರ ಪೋಡಿ ಆಗಲಿ ಅಂತ ತಾಲೂಕ ಕಚೇರಿ ಮುಂದ ವರ್ಷಗಟ್ಟಲೆ ಕುಂತ ರೈತನ ಮಾತೂ ಕಸ ಆತು. ನಾ ಒಪ್ಪಂಗಿಲ್ಲ. ಅಂವ ಅದನ್ನ ಮರಾಠಿ ಅಂತ ಕಲಿತಿಲ್ಲ, ಹೊಲದ ಬದುವಿನ ಮ್ಯಾಲೆ ನಿಂತು ಕಲಿತಾನ.

ಉಡುಪಿಯಿಂದ, 1:20

ಮರಾಠಿ, ಪಾರಸಿಗೆ ಇಷ್ಟು ಉದಾರರಾಗಿರುವವರು ಸಂಸ್ಕೃತ ಬಂದಾಗ ಮಾತ್ರ ಮುಖ ತಿರುಗಿಸುತ್ತೀರಿ. ವಿಭಾಗ ಎಂದರೆ ಕಚೇರಿ ಎಂಬ ಕಾರಣಕ್ಕೆ ಬಿಟ್ಟರೆ, ಪೋಡಿ ಎಂದರೆ ತಾಲ್ಲೂಕು ಕಚೇರಿ ಎಂದು ಯಾರಿಗೂ ಅನ್ನಿಸುವುದಿಲ್ಲವೇ? ನಮ್ಮ ಕಡೆ ಪೋಡಿ ಎಂದರೆ ಬಜ್ಜಿ.

ಬೆಂಗಳೂರಿನಿಂದ, 1:40

ಮೇಷ್ಟ್ರಿಗೆ ಒಂದು ಪ್ರಶ್ನೆ. ಪಸುಗೆ ಹಸುಗೆಯಾಯಿತು, ಪಂಚು ಹಂಚು ಆಯಿತು. ಹಾಗಿದ್ದ ಮೇಲೆ ಪಾಲು ಏಕೆ ಹಾಲು ಆಗಲಿಲ್ಲ? ನಿಮ್ಮ ನಿಯಮದ ಪ್ರಕಾರ ಪಾಲು ಕೂಡ ಹೊರಗಿನಿಂದ ಬಂದದ್ದೇ?

ಮೈಸೂರಿನಿಂದ, 2:05

ಪಾಲು ಅಚ್ಚಗನ್ನಡ. ಹಳಗನ್ನಡದಲ್ಲಿ ಕುಡಿಯುವ ಪಾಲ್, ಹಂಚಿಕೊಳ್ಳುವ ಪಾಲ್ ಎರಡೂ ಇದ್ದವು. ಮೊದಲನೆಯದು ಹಾಲಾಯಿತು. ಎರಡನೆಯದೂ ಹಾಗಾಗಿದ್ದರೆ 'ನನ್ನ ಹಾಲು ಕೊಡು' ಎಂದು ತಮ್ಮ ಕೇಳಿದಾಗ ಅಣ್ಣ ಚೊಂಬು ತರುತ್ತಿದ್ದ. ಅದು ಪಕಾರದಲ್ಲೇ ಉಳಿದದ್ದಕ್ಕೆ ನಾನು ಕಾಣುವ ಕಾರಣ ಇದು. ತೆಲುಗಿನಲ್ಲಿ ಇವತ್ತಿಗೂ ಎರಡಕ್ಕೂ ಪಾಲು ಎಂದೇ ಅನ್ನುತ್ತಾರೆ. ತಮಿಳಿನಲ್ಲಿ ಪಾಲ್ ವ್ಯಾಕರಣದ ಲಿಂಗಕ್ಕೂ ಹೆಸರು, ಅಂದರೆ ನಾಮಪದಗಳನ್ನು ಪಾಲು ಮಾಡುವುದು.

ಹಸುಗೆ ಒಪ್ಪದಿದ್ದರೆ ಪಾಲು ಎನ್ನಿ. ಪೋಡಿಗೆ ನನ್ನ ಒಪ್ಪಿಗೆ ಇಲ್ಲ.

ಬೆಂಗಳೂರಿನಿಂದ, 2:20

ಪದದ ಜಗಳದಲ್ಲಿ ಒಂದು ಅಪಾಯ ಯಾರೂ ಹೇಳಿಲ್ಲ. ಪಾಲು ಅನ್ನಿ, ಪೋಡಿ ಅನ್ನಿ, ಎರಡರಲ್ಲೂ ಹೊಲದ ಬೆಳೆ ನಿಂತೇ ಇರುತ್ತದೆ. ಇವರು ಹಾಳೆಯಲ್ಲಿ ಬರೆಯಲಿರುವ ವಿಧಾನದಲ್ಲಿ ಇರುವುದನ್ನು ಅಳಿಸಿ ಹೊಸದಾಗಿ ಎರಡು ಮಾಡುತ್ತಾರೆ, ಕಾರ್ಡಿನಲ್ಲಿದ್ದದ್ದೆಲ್ಲ ಹೋಗುತ್ತದೆ. ಪದ ಹಿತವಾಗಿದ್ದಷ್ಟೂ ಓದುಗ ಧೈರ್ಯದಿಂದ ಒತ್ತುತ್ತಾನೆ. ಫೋಟೊ ತೆಗೆದಿಡಿ ಎನ್ನುವ ಸಾಲು ಎಲ್ಲಕ್ಕಿಂತ ಮೇಲಿರಲಿ.

ತುಮಕೂರಿನಿಂದ, 2:45

ಒಪ್ಪುತ್ತೇನೆ. ಪೋಡಿಗಾಗಿ ಯಾರ ಬೆಳೆಯನ್ನೂ ನಾವು ತುಳಿಸಿದವರಲ್ಲ. ಆ ವ್ಯತ್ಯಾಸ ಇದ್ದರೆ ಪೋಡಿಯನ್ನು ಹೋಲಿಕೆಗೆ ಮಾತ್ರ ಇಟ್ಟುಕೊಳ್ಳಿ.

ಸಾಗರದಿಂದ, ಸಂಜೆ 5:10

ಎಲ್ಲರ ಮಾತನ್ನೂ ಮತ್ತೆ ಮತ್ತೆ ಓದಿದೆ. ಡಿಟಿಪಿಗೆ ಹೋಗುತ್ತಿರುವ ಹಾಳೆ ಇದು:

"ಮೊದಲು ಕಾರ್ಡಿನಲ್ಲಿರುವ ಫೋಟೊ, ಹಾಡು ಎಲ್ಲವನ್ನೂ ಕಂಪ್ಯೂಟರಿಗೆ ತೆಗೆದಿಡಿ. ಮುಂದೆ ಮಾಡುವ ಕೆಲಸದಲ್ಲಿ ಕಾರ್ಡ್ ಪೂರ್ತಿ ಅಳಿಸಿಹೋಗುತ್ತದೆ.

ಈಗ ಕಾರ್ಡಿನ ಒಳಗಿನ ಜಾಗವನ್ನು ಎರಡು ಪಾಲು ಮಾಡಬೇಕು. ಕಾರ್ಡನ್ನು ಕತ್ತರಿಸಬಾರದು. ಒಂದೇ ಜಮೀನು ಪೋಡಿಯಾಗಿ ಎರಡು ನಂಬರ್ ಆದ ಹಾಗೆ ಇದು. ಕಂಪ್ಯೂಟರ್ ಪರದೆಯ ಮೇಲೆ ಈ ಪಾಲಿಗೆ ಪಾರ್ಟಿಷನ್ ಎಂಬ ಹೆಸರು ಕಾಣುತ್ತದೆ.

ಮೊದಲ ಪಾಲು ಫ್ಯಾಟ್32, 7 ಜಿಬಿಯಷ್ಟು. ಫೋಟೊ, ಹಾಡಿಗೆ ಇದು. ಎರಡನೇ ಪಾಲು ಇಎಕ್ಸ್‌ಟಿ, 1 ಜಿಬಿ. ಆಪ್‌ಗಳಿಗೆ ಇದು. ಎರಡಕ್ಕೂ ಪ್ರೈಮರಿ ಎಂದೇ ಆರಿಸಿ. ಮೊದಲನೆಯದು, ಎರಡನೆಯದು ಅದಲು ಬದಲಾಗಬಾರದು."

ಊರಿನ ಮೂವರಿಗೆ ಓದಿಸಿದೆ. ಕತ್ತರಿ ಯಾರೂ ಕೇಳಲಿಲ್ಲ. ಇನ್ನು ಅರ್ಧ ಗಂಟೆ ಇದೆ, ತಪ್ಪಿದ್ದರೆ ಹೇಳಿ.

ಧಾರವಾಡದಿಂದ, 5:18

ಛಲೋ ಆಗೇದ್ರಿ. 'ಕತ್ತರಿಸಬಾರದು' ಅನ್ನೂದನ್ನ ದಪ್ಪ ಅಕ್ಷರದಾಗ ಹಾಕಸ್ರಿ.

ಉಡುಪಿಯಿಂದ, 5:25

ಪ್ರೈಮರಿ ಅಲ್ಲಿ ಹಾಗೇ ನಿಂತಿದೆ. 'ಪ್ರಧಾನ' ಎಂದು ಹಾಕಬಾರದೇ?

ಬೆಂಗಳೂರಿನಿಂದ, 5:27

ಬೇಡ. ಆ ಮೆನುವಿನಲ್ಲಿ 'ಲಾಜಿಕಲ್' ಎಂಬ ಇನ್ನೊಂದು ಆಯ್ಕೆಯೂ ಇರುತ್ತದೆ, ಅದನ್ನು ಒತ್ತಿದರೆ ಲಿಂಕ್2ಎಸ್‌ಡಿಗೆ ಎರಡನೇ ಪಾಲು ಸಿಗುವುದಿಲ್ಲ. ಪರದೆಯಲ್ಲಿರುವ ಪದವೇ ಹಾಳೆಯಲ್ಲಿರಲಿ.

ಮೈಸೂರಿನಿಂದ, 5:40

'ಅದಲು ಬದಲು' ಕೂಡ ಅರಬ್ಬಿಯ ಬದಲ್. 'ಹಿಂದು ಮುಂದಾಗಬಾರದು' ಎಂದು ತಿದ್ದಿ, ಸಮಯವಿದೆ. ಪ್ರೈಮರಿ ಬಗ್ಗೆ ನಾಳೆ ಬೇರೆ ಎಳೆ ಶುರು ಮಾಡುತ್ತೇನೆ.

ಸಾಗರದಿಂದ, 5:44

ತಿದ್ದಿದೆ ಮೇಷ್ಟ್ರೇ. ಹೊರಟೆ.