ವಿಎಲ್‌ಸಿ ಚಾಲೂ ಆಗುತ್ತದೆ, ಆದರೆ ಕಿಟಕಿಯೇ ಕಾಣುವುದಿಲ್ಲ

ಪ್ರಶ್ನೆ (ಇಳಕಲ್‌ನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಕಳೆದ ಸೋಮವಾರದಿಂದ ಸರಿಯಾಗಿ ತೆರೆದುಕೊಳ್ಳುತ್ತಿಲ್ಲ. ಡೆಸ್ಕ್‌ಟಾಪಿನ ಮೇಲಿನ ಅದರ ಚಿಹ್ನೆಯನ್ನು ಒತ್ತಿದರೆ ಕರ್ಸರ್ ಒಂದೆರಡು ಕ್ಷಣ ಸುತ್ತುತ್ತದೆ, ಕೆಳಗಿನ ಟಾಸ್ಕ್‌ಬಾರಿನಲ್ಲಿ ಕಿತ್ತಳೆ ಬಣ್ಣದ ಕೋನ್ ಬಂದು ಕೂರುತ್ತದೆ, ಅಷ್ಟೇ. ಕಿಟಕಿ ಕಾಣುವುದಿಲ್ಲ, ಶಬ್ದ ಬರುವುದಿಲ್ಲ, ದೋಷ ಇಂಥದ್ದು ಎಂದು ತಿಳಿಸುವ ಸಂದೇಶವೂ ಇಲ್ಲ. ಬ್ರೌಸರ್, ವರ್ಡ್, ಫೋಟೊ ನೋಡುವ ಪ್ರೋಗ್ರಾಂ ಎಲ್ಲವೂ ಎಂದಿನಂತೆ ನಡೆಯುತ್ತಿವೆ. ಕಂಪ್ಯೂಟರ್ ವಿಂಡೋಸ್ 10ರದ್ದು. ಭಾನುವಾರ ಸಂಜೆ ಒಮ್ಮೆ ಕರೆಂಟ್ ಹೋಗಿ ಬಂದಿತ್ತು; ಯುಪಿಎಸ್ ಹಳೆಯದಾಗಿರುವುದರಿಂದ ಕಂಪ್ಯೂಟರ್ ಅರ್ಧದಲ್ಲೇ ಆರಿಹೋಯಿತು. ಆಗಲೇ ಏನಾದರೂ ಕೆಟ್ಟಿರಬೇಕೆಂಬುದು ನನ್ನ ಅನುಮಾನ. ಎರಡು ಸಲ ತೆಗೆದು ಮತ್ತೆ ಹಾಕಿಕೊಂಡಿದ್ದೇನೆ, ಫಲವಿಲ್ಲ.

ಬೇರೆ ಪ್ಲೇಯರ್ ಬಳಸಿ ಎಂದು ಯಾರಾದರೂ ಹೇಳುವ ಮೊದಲು ಒಂದು ಮಾತು. ಸೀರೆಯ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುವ ಕೆಲಸವನ್ನು ನಮ್ಮ ತಾಯಿ ಮಾಡುವಾಗ ನಾನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದೇನೆ. ಹೊಸದಾಗಿ ಮಗ್ಗಕ್ಕೆ ಕೂರುವ ಹುಡುಗರಿಗೆ ಅದನ್ನು ತೋರಿಸಿ ಕಲಿಸುತ್ತೇವೆ. ಆಕೆಯ ಬೆರಳುಗಳ ವೇಗಕ್ಕೆ ಮಾಮೂಲಿ ಓಟದಲ್ಲಿ ಏನೂ ತಿಳಿಯುವುದಿಲ್ಲ. ವಿಎಲ್‌ಸಿಯಲ್ಲಿ ‘ಇ’ ಕೀಲಿಯನ್ನು ಒತ್ತಿದಂತೆಲ್ಲ ಒಂದೊಂದೇ ಚೌಕಟ್ಟು ಮುಂದೆ ಸರಿಯುವುದರಿಂದ, ಎಳೆ ಯಾವ ಬೆರಳಿನ ಮೇಲಿಂದ ಹಾದು ಯಾವುದರ ಕೆಳಗೆ ನುಸುಳುತ್ತದೆ ಎಂಬುದನ್ನು ನಿಲ್ಲಿಸಿ ತೋರಿಸಲು ಬರುತ್ತದೆ. ಹುಡುಗರಿಗೆ ಆ ರೂಢಿಯಾಗಿಬಿಟ್ಟಿದೆ. ದಯವಿಟ್ಟು ದಾರಿ ತಿಳಿಸಿ.

ಉತ್ತರ 1 (ವಿಜಯಪುರದಿಂದ)

ಸರ್, ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿರಿ. ಅಲ್ಲಿ ವಿಎಲ್‌ಸಿಯ ಹೆಸರು ಒಂದಕ್ಕಿಂತ ಹೆಚ್ಚು ಸಲ ಕಂಡರೆ, ಹಿಂದೆ ತೆರೆದದ್ದು ಪೂರ್ತಿ ಮುಚ್ಚದೆ ಒಳಗೇ ಸಿಕ್ಕಿಕೊಂಡಿದೆ ಎಂದು ತಿಳಿಯಬಹುದು. ವಿಡಿಯೊ ಫೈಲನ್ನೇ ನೇರವಾಗಿ ಒತ್ತಿ ತೆರೆದಾಗ ಹೊಸ ಪ್ರತಿಯನ್ನು ಚಾಲೂ ಮಾಡದೆ, ಈಗಾಗಲೇ ಓಡುತ್ತಿರುವ ಪ್ರತಿಗೇ ಆ ಫೈಲನ್ನು ಒಪ್ಪಿಸುವ ವ್ಯವಸ್ಥೆ ವಿಎಲ್‌ಸಿಯಲ್ಲಿ ಇದೆ. ಓಡುತ್ತಿರುವ ಪ್ರತಿಯೇ ಸ್ತಬ್ಧವಾಗಿದ್ದರೆ, ನೀವು ಎಷ್ಟು ಫೈಲು ಒತ್ತಿದರೂ ಎಲ್ಲವೂ ಅದರ ಬಾಯಿಗೇ ಹೋಗಿ ಬೀಳುತ್ತವೆ. ಅವನ್ನೆಲ್ಲ ‘ಎಂಡ್ ಟಾಸ್ಕ್’ ಮಾಡಿ ಮತ್ತೊಮ್ಮೆ ತೆರೆಯಿರಿ. ನನ್ನ ಲ್ಯಾಪ್‌ಟಾಪಿನಲ್ಲಿ ಹೀಗೆಯೇ ಸರಿಹೋಗಿತ್ತು.

ಪ್ರಶ್ನೆ ಕೇಳಿದವರು

ನೋಡಿದೆ ಸರ್. ನಾಲ್ಕು ಪ್ರತಿಗಳಿದ್ದವು, ನಾಲ್ಕನ್ನೂ ಮುಗಿಸಿದೆ. ಮತ್ತೆ ತೆರೆದರೆ ಮತ್ತದೇ: ಕೋನ್ ಬರುತ್ತದೆ, ಕಿಟಕಿ ಬರುವುದಿಲ್ಲ. ಆದರೆ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಸೂಚನೆ ಯಾವುದರ ಪಕ್ಕದಲ್ಲೂ ಇರಲಿಲ್ಲ.

ಉತ್ತರ 2 (ಬೆಳಗಾವಿಯಿಂದ)

ಕೊನೆಯಲ್ಲಿ ಹೇಳಿದ ಆ ಮಾತೇ ಮುಖ್ಯ. ಪ್ರೋಗ್ರಾಂ ಸ್ತಬ್ಧವಾಗಿಲ್ಲ ಎಂದರೆ ಅದು ತನ್ನ ಪಾಡಿಗೆ ನಡೆಯುತ್ತಿದೆ, ನಿಮಗೆ ಮಾತ್ರ ಕಾಣುತ್ತಿಲ್ಲ. ನಾನು ಕಂಪ್ಯೂಟರ್ ರಿಪೇರಿ ಕೆಲಸ ಮಾಡುವವನು. ಯಾವ ಸಾಫ್ಟ್‌ವೇರ್ ಕೈಕೊಟ್ಟರೂ ಅದನ್ನು ಕಿತ್ತು ಮತ್ತೆ ಹಾಕುವುದೇ ಮದ್ದು ಎಂದು ನಂಬಿಕೊಂಡು ಬರುವವರನ್ನು ದಿನವೂ ನೋಡುತ್ತೇನೆ. ವಿಎಲ್‌ಸಿಯ ಮಟ್ಟಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಅದರ ಸೆಟ್ಟಿಂಗ್‌ಗಳು ಪ್ರೋಗ್ರಾಂ ಇರುವ ಜಾಗದಲ್ಲಿ ಇರುವುದಿಲ್ಲ. ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನ ಒಳಗಿನ ರೋಮಿಂಗ್‌ನಲ್ಲಿ ವಿಎಲ್‌ಸಿ ಎಂಬ ಬೇರೊಂದು ಫೋಲ್ಡರ್ ಇರುತ್ತದೆ. ನಿಮ್ಮ ಆಯ್ಕೆಗಳು ಒಂದು ಫೈಲಿನಲ್ಲಿ, ಕಿಟಕಿ ಹಿಂದಿನ ಸಲ ಪರದೆಯ ಯಾವ ಜಾಗದಲ್ಲಿ ಎಷ್ಟು ದೊಡ್ಡದಾಗಿತ್ತು ಎಂಬ ಲೆಕ್ಕ ಇನ್ನೊಂದರಲ್ಲಿ ಅಲ್ಲಿ ಉಳಿದಿರುತ್ತವೆ. ಪ್ರೋಗ್ರಾಂ ತೆಗೆದರೂ, ಅಳಿಸು ಎಂದು ನೀವಾಗಿ ಹೇಳದ ಹೊರತು, ಆ ಫೋಲ್ಡರ್ ಹಾಗೆಯೇ ಇರುತ್ತದೆ.

ಆ ಫೋಲ್ಡರಿನ ಹೆಸರು ಬದಲಿಸಿದರೆ ವಿಎಲ್‌ಸಿ ಹೊಚ್ಚ ಹೊಸದಾಗಿ ತೆರೆಯುತ್ತದೆ, ನಿಮ್ಮ ತೊಂದರೆ ಬಹುಶಃ ಅಲ್ಲಿಗೇ ಮುಗಿಯಲೂಬಹುದು. ಆದರೆ ಕಾರಣ ತಿಳಿಯದೆ ಹಾಗೆ ಮಾಡಿದರೆ ಮುಂದಿನ ವಾರ ಮತ್ತೆ ಇಲ್ಲಿಗೇ ಬರುತ್ತೀರಿ. ಹೀಗಾಗಿ ಮೊದಲು ಎರಡು ಸಂಗತಿ ತಿಳಿಸಿರಿ. ಒಂದು, ಪರದೆಯ ಬಲಮೂಲೆಯಲ್ಲಿರುವ ಸ್ಪೀಕರ್ ಚಿಹ್ನೆಯನ್ನು ಒತ್ತಿದಾಗ ಯಾವ ಸಾಧನದ ಹೆಸರು ಕಾಣುತ್ತದೆ? ಎರಡು, ಈ ಕಂಪ್ಯೂಟರಿಗೆ ಮಾನಿಟರ್ ಅಲ್ಲದೆ ಟಿವಿಯನ್ನಾಗಲಿ ಪ್ರೊಜೆಕ್ಟರನ್ನಾಗಲಿ ಜೋಡಿಸಿದ್ದೀರಾ? ಕರೆಂಟ್ ಹೋದದ್ದನ್ನು ಸದ್ಯಕ್ಕೆ ಮರೆತುಬಿಡಿ. ಅದರಿಂದ ಫೈಲು ಕೆಡುವುದು ಉಂಟು, ಆದರೆ ಇಲ್ಲಿನ ಲಕ್ಷಣ ಬೇರೆ.

ಪ್ರಶ್ನೆ ಕೇಳಿದವರು

ಸರ್, ನೀವು ಕೇಳಿದ ಮೇಲೆಯೇ ಗಮನಕ್ಕೆ ಬಂತು. ಸ್ಪೀಕರ್ ಚಿಹ್ನೆಯಲ್ಲಿ ನಮ್ಮ ಪಡಸಾಲೆಯ ಟಿವಿಯ ಹೆಸರಿದೆ. ಅದನ್ನು ಕಂಪ್ಯೂಟರಿನ ಸ್ಪೀಕರಿಗೆ ಬದಲಿಸಿ ಒಂದು ವಿಡಿಯೊ ತೆರೆದೆ. ಕಿಟಕಿ ಕಾಣಲಿಲ್ಲ, ಆದರೆ ಲಾಳಿ ಓಡಾಡುವ ಖಟ್ ಖಟ್ ಸದ್ದು ಸ್ಪಷ್ಟವಾಗಿ ಕೇಳಿಸಿತು! ನಡುನಡುವೆ ತಾಯಿಯ ಮಾತು ಕೂಡ.

ಭಾನುವಾರ ಎಂಟು ಜನ ಕಲಿಯಲು ಬಂದಿದ್ದರು. ಮಾನಿಟರ್ ಸಣ್ಣದಾಗುತ್ತದೆ ಎಂದು ಗೋಡೆಯಲ್ಲಿ ರಂಧ್ರ ಕೊರೆಸಿ ಎಚ್‌ಡಿಎಂಐ ಕೇಬಲ್ ಎಳೆದು ಪಡಸಾಲೆಯ ಟಿವಿಗೆ ಜೋಡಿಸಿದ್ದೆ. ಪಾಠ ಮುಗಿದ ಮೇಲೆ ಟಿವಿಯನ್ನು ರಿಮೋಟಿನಿಂದ ಆರಿಸಿದೆ. ಕೇಬಲ್ ಮಾತ್ರ ಹಾಗೆಯೇ ಇದೆ. ಆರಿಸಿದ ಟಿವಿಗೂ ಇದಕ್ಕೂ ಸಂಬಂಧ ಇರಬಹುದೆಂದು ಹೊಳೆಯಲೇ ಇಲ್ಲ.

ಉತ್ತರ 2 (ಬೆಳಗಾವಿಯಿಂದ)

ಅಲ್ಲಿಗೆ ಗಂಟು ಬಿಚ್ಚಿತು. ರಿಮೋಟಿನಿಂದ ಆರಿಸಿದ ಟಿವಿ ಪೂರ್ತಿ ಆರುವುದಿಲ್ಲ. ಎಚ್‌ಡಿಎಂಐ ಕೇಬಲ್ ಇರುವವರೆಗೆ ಎಷ್ಟೋ ಟಿವಿಗಳು ‘ನಾನಿದ್ದೇನೆ’ ಎಂದು ಕಂಪ್ಯೂಟರಿಗೆ ಗುರುತು ಕೊಡುತ್ತಲೇ ಇರುತ್ತವೆ. ಹೀಗಾಗಿ ವಿಂಡೋಸ್ ಮಾನಿಟರಿನ ಪಕ್ಕಕ್ಕೆ ಇನ್ನೊಂದು ಪರದೆ ಇದೆಯೆಂದೇ ತಿಳಿದು, ಶಬ್ದವನ್ನೂ ಅಲ್ಲಿಗೆ ಕಳಿಸುತ್ತಿದೆ. ವಿಎಲ್‌ಸಿ ಕೊನೆಯ ಸಲ ತೆರೆದಿದ್ದದ್ದು ಆ ಪರದೆಯ ಮೇಲೆ. ಅದು ತನ್ನ ಜಾಗವನ್ನು ನೆನಪಿಟ್ಟುಕೊಂಡು ಪ್ರತಿ ಸಲವೂ ಅಲ್ಲಿಯೇ, ಕಪ್ಪಾದ ಟಿವಿಯ ಮೇಲೆ, ನಿಷ್ಠೆಯಿಂದ ತೆರೆದುಕೊಳ್ಳುತ್ತಿದೆ. ಉಳಿದ ಪ್ರೋಗ್ರಾಂಗಳನ್ನು ನೀವು ಟಿವಿಯ ಕಡೆಗೆ ಒಯ್ದಿರಲಿಲ್ಲ, ಹಾಗಾಗಿ ಅವು ಮಾನಿಟರಿನಲ್ಲೇ ಕಾಣುತ್ತಿವೆ.

ವಿಂಡೋಸ್ ಕೀಲಿಯನ್ನು ಹಿಡಿದು ‘ಪಿ’ ಒತ್ತಿರಿ. ಬದಿಯಲ್ಲಿ ನಾಲ್ಕು ಆಯ್ಕೆಗಳು ಬರುತ್ತವೆ. ಈಗ ‘ಎಕ್ಸ್‌ಟೆಂಡ್’ನಲ್ಲಿರುತ್ತದೆ, ಅದನ್ನು ‘ಪಿಸಿ ಸ್ಕ್ರೀನ್ ಓನ್ಲಿ’ ಮಾಡಿರಿ. ಕಿಟಕಿ ತಾನಾಗಿಯೇ ಮಾನಿಟರಿಗೆ ಬರಬೇಕು. ಬಂದ ಮೇಲೆ ವಿಎಲ್‌ಸಿಯನ್ನು ಮೂಲೆಯ ಗುಣಾಕಾರ ಚಿಹ್ನೆಯಿಂದಲೇ ಮುಚ್ಚಿರಿ, ಟಾಸ್ಕ್ ಮ್ಯಾನೇಜರಿನಿಂದ ಕೊಲ್ಲಬೇಡಿ. ಕ್ರಮವಾಗಿ ಮುಚ್ಚಿದಾಗ ಮಾತ್ರ ಅದು ಹೊಸ ಜಾಗವನ್ನು ಬರೆದಿಟ್ಟುಕೊಳ್ಳುತ್ತದೆ. ಇಷ್ಟು ದಿನ ನೀವು ಒಳಗೊಳಗೇ ಮುಗಿಸುತ್ತ ಬಂದದ್ದರಿಂದ ಭಾನುವಾರದ ಜಾಗವೇ ಅದರ ತಲೆಯಲ್ಲಿ ಉಳಿದಿದೆ.

ಕಿಟಕಿ ಬರದೆ ಹೋದರೆ ಇನ್ನೊಂದು ಉಪಾಯ. ಆಲ್ಟ್ ಮತ್ತು ಟ್ಯಾಬ್‌ನಿಂದ ವಿಎಲ್‌ಸಿಯನ್ನು ಆಯ್ದುಕೊಳ್ಳಿರಿ. ಆಮೇಲೆ ವಿಂಡೋಸ್ ಮತ್ತು ಶಿಫ್ಟ್ ಕೀಲಿಗಳನ್ನು ಹಿಡಿದು ಎಡ ಅಥವಾ ಬಲ ಬಾಣ ಒತ್ತಿದರೆ, ಆ ಕಿಟಕಿ ಒಂದು ಪರದೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ.

ಉತ್ತರ 3 (ಜಮಖಂಡಿಯಿಂದ)

ನಮ್ಮ ಶಾಲೆಯಲ್ಲಿ ಪ್ರೊಜೆಕ್ಟರ್ ಜೋಡಿಸಿದಾಗ ಇದೇ ಅನುಭವವಾಗಿತ್ತು, ಆದ್ದರಿಂದ ಒಂದು ಸೇರಿಕೆ. ಪಾಠದ ದಿನ ‘ಎಕ್ಸ್‌ಟೆಂಡ್’ ಬದಲು ‘ಡ್ಯೂಪ್ಲಿಕೇಟ್’ ಆರಿಸಿಕೊಂಡರೆ ಮಾನಿಟರಿನಲ್ಲಿ ಇರುವುದೇ ಟಿವಿಯಲ್ಲೂ ಕಾಣುತ್ತದೆ, ಕಿಟಕಿ ಕಳೆದುಹೋಗುವ ಪ್ರಶ್ನೆ ಬರುವುದಿಲ್ಲ. ಆದರೆ ಎರಡೂ ಪರದೆಗಳಿಗೆ ಹೊಂದುವ ಗಾತ್ರವನ್ನು ವಿಂಡೋಸ್ ಹುಡುಕಬೇಕಾಗುವುದರಿಂದ, ಹಳೆಯ ಮಾನಿಟರ್ ಇದ್ದಲ್ಲಿ ಟಿವಿಯ ಚಿತ್ರ ತುಸು ಮಸುಕಾಗುತ್ತದೆ. ಎಳೆ ಎಣಿಸಿ ತೋರಿಸುವ ನಿಮ್ಮ ಕೆಲಸಕ್ಕೆ ಅದು ಒಗ್ಗಲಿಕ್ಕಿಲ್ಲ. ನಾನಾಗಿದ್ದರೆ ‘ಎಕ್ಸ್‌ಟೆಂಡ್’ನಲ್ಲಿಯೇ ತೋರಿಸಿ, ಟಿವಿ ಆರಿಸುವ ಮೊದಲು ವಿಎಲ್‌ಸಿಯನ್ನು ಮಾನಿಟರಿಗೆ ಎಳೆದು ತಂದು ಮುಚ್ಚುತ್ತಿದ್ದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ವಿಂಡೋಸ್ ಮತ್ತು ಪಿ ಒತ್ತುವ ಮೊದಲು ಕುತೂಹಲಕ್ಕೆ ಪಡಸಾಲೆಗೆ ಹೋಗಿ ಟಿವಿ ಹಚ್ಚಿದೆ. ಬೆಳಗ್ಗೆಯಿಂದ ನಾನು ಒತ್ತಿ ಒತ್ತಿ ತೆರೆದಿದ್ದ ಐದು ಕಿಟಕಿಗಳು ಅಲ್ಲಿ ಒಂದರ ಮೇಲೊಂದು ಕೂತಿದ್ದವು. ಎಲ್ಲಕ್ಕೂ ಮೇಲಿನದರಲ್ಲಿ ತಾಯಿಯ ಕೈಗಳು ಎಳೆ ಕೂಡಿಸುತ್ತಿದ್ದವು, ಶಬ್ದವಿಲ್ಲದೆ. ಆಕೆ ಅಡುಗೆಮನೆಯಿಂದ ಬಂದು ನೋಡಿ, ಇದನ್ನೇನು ಐದು ಸಲ ಹಚ್ಚಿದ್ದೀಯೋ ಎಂದು ಕೇಳಿದರು.

ಐದನ್ನೂ ಮುಚ್ಚಿ ‘ಪಿಸಿ ಸ್ಕ್ರೀನ್ ಓನ್ಲಿ’ ಮಾಡಿದೆ. ಈಗ ವಿಎಲ್‌ಸಿ ಮಾನಿಟರಿನಲ್ಲೇ ತೆರೆಯುತ್ತಿದೆ. ಎರಡು ಸಲ ಕಂಪ್ಯೂಟರ್ ಆರಿಸಿ ಹಚ್ಚಿ ನೋಡಿದ್ದೇನೆ, ಎರಡು ಸಲವೂ ಸರಿಯಿತ್ತು. ಜಮಖಂಡಿಯವರು ಹೇಳಿದಂತೆ ಬರುವ ಭಾನುವಾರ ‘ಎಕ್ಸ್‌ಟೆಂಡ್’ನಲ್ಲಿಯೇ ತೋರಿಸುತ್ತೇನೆ. ಟಿವಿ ಆರಿಸುವ ಮೊದಲು ಕಿಟಕಿಯನ್ನು ಈಚೆಗೆ ತರಬೇಕೆಂದು ಒಂದು ಚೀಟಿ ಬರೆದು ರಿಮೋಟಿನ ಬೆನ್ನಿಗೆ ಅಂಟಿಸಿದ್ದೇನೆ.